ನೆರೆಬಯಲಿನಲ್ಲಿ ಗೋಡೆ

ಮೇಲೆ ಎಲ್ಲೋ ಅಣೆಕಟ್ಟು ಕಟ್ಟಿದ ಮೇಲೆ ನಮ್ಮ ಊರಿಗೆ ನೆರೆ ಬರುವುದು ನಿಂತಿತು. ಮೀನು ಬರುವುದು ನಿಲ್ಲಲಿಲ್ಲ. ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಬಿಳಿಗೆಂಡೆ ಮೀನುಗಳು ಹೊಳೆ ಬಿಟ್ಟು ಏಳುತ್ತವೆ. ಹಿಂದೆ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತಿತ್ತೋ ಅಷ್ಟೇ ಎತ್ತರದಲ್ಲಿ, ಮನುಷ್ಯರ ಎದೆಮಟ್ಟದಲ್ಲಿ, ಬರೀ ಗಾಳಿಯಲ್ಲಿ ಈಜಿಕೊಂಡು ಬರುತ್ತವೆ. ಕೆಳಗೇರಿಯ ಮನೆಗಳ ಮುಂಬಾಗಿಲಲ್ಲಿ ಹೊಕ್ಕು, ಹಿತ್ತಿಲ ಬಾಗಿಲಲ್ಲಿ ಹೊರಟು, ಆಚೆಯ ನೆರೆಬಯಲಿಗೆ ಹೋಗಿ ಹುಲ್ಲಿನ ಮೇಲೆ ಮೊಟ್ಟೆ ಇಟ್ಟು, ಬಂದ ದಾರಿಯಲ್ಲೇ ಹಿಂತಿರುಗುತ್ತವೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಅವರನ್ನು ನಂಬಿಸಿ ನನಗೇನೂ ಆಗಬೇಕಾಗಿಲ್ಲ.

ನಾನು ಹುಟ್ಟಿದ್ದು ಬೇರೆ ಊರಲ್ಲಿ. ಮದುವೆಯಾಗಿ ಕೆಳಗೇರಿಗೆ ಬಂದ ಮೊದಲ ಮಳೆಗಾಲದಲ್ಲೇ ಅತ್ತೆಯವರು ಫ್ಯಾನಿನ ರೆಕ್ಕೆಗಳಿಗೆ ಹಳೇ ಸೀರೆ ಸುತ್ತಿ ಕಟ್ಟುವುದನ್ನು ನೋಡಿ, ಈ ಮನೆಯವರಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಗಾಳಿ ಬೀಸಿದರೆ ಮೀನಿಗೆ ದಾರಿ ತಪ್ಪುತ್ತದಂತೆ. ಎರಡೂ ಬಾಗಿಲು ಹಾರು ಹೊಡೆದು ಎಲ್ಲರೂ ನೆಲದ ಮೇಲೆ ಕೂತರು. ಆಮೇಲೆ ಸದ್ದು ಹೋಯಿತು. ಬಿಂದಿಗೆಯೊಳಗೆ ತಲೆ ಇಟ್ಟ ಹಾಗೆ. ಅತ್ತೆಯ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ನನ್ನ ಜಡೆ ತಾನಾಗಿಯೇ ಬೆನ್ನಿನಿಂದ ಎದ್ದು ಮೇಲಕ್ಕೆ ತೇಲಿತು. ತಲೆಯ ಮೇಲೆ ಬಿಳಿಯದೊಂದು ಹೋಯಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಸಾಲುಸಾಲು. ಹೊಟ್ಟೆ ತುಂಬಾ ಮೊಟ್ಟೆ ಹೊತ್ತ ಮೀನುಗಳು, ಬಸುರಿ ಹೆಂಗಸರು ಸಂತೆಯಿಂದ ಬರುವ ಹಾಗೆ, ನಿಧಾನವಾಗಿ, ಯಾರನ್ನೂ ನೋಡದೆ.

ಅದಕ್ಕೆ ಹೊಂದಿಕೊಂಡು ಬದುಕುವುದು ಅಂದರೆ ದೊಡ್ಡ ವಿಷಯವೇನಲ್ಲ. ಕುಕ್ಕರ್ ಕೂಗಿದ್ದು ಕೇಳಿಸುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಅವಲಕ್ಕಿ. ಜಗಳ ಇದ್ದರೆ ಮೊದಲೇ ಮುಗಿಸಿಕೊಳ್ಳಬೇಕು, ಇಲ್ಲ ಮುಂದಕ್ಕೆ ಹಾಕಬೇಕು. ಒಂದೇ ಒಂದು ಕಟ್ಟು ಮಾತ್ರ ಬಿಗಿ: ಮೀನು ಹಾಯುವಾಗ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಕೈ ತಾಕಿದ ಮೀನು ಮುಂದೆ ಹೋಗುವುದಿಲ್ಲ. ತಾಕಿದಲ್ಲೇ ನಿಂತುಬಿಡುತ್ತದೆ, ಕಣ್ಣು ಬಿಟ್ಟುಕೊಂಡು, ಮಳೆಗಾಲ ಮುಗಿದರೂ. ನಮ್ಮ ಓರಗಿತ್ತಿಯ ಮನೆಯ ಅಡುಗೆಕೋಣೆಯಲ್ಲಿ ಹಾಗೊಂದು ನಿಂತಿತ್ತು. ಅವಳು ಒಗ್ಗರಣೆ ಹಾಕುವಾಗಲೂ ಅದರ ಕಡೆ ಬೆನ್ನು ಮಾಡುತ್ತಿರಲಿಲ್ಲ. ಕೆಳಗೇರಿಯ ಮಗು ಹೆಜ್ಜೆ ಇಡಲು ಕಲಿಯುವ ಮೊದಲೇ ಇದನ್ನು ಕಲಿಯುತ್ತದೆ. ಮಗು ಕೈ ಎತ್ತಿದಾಗಲೆಲ್ಲ ಯಾರಾದರೊಬ್ಬರು ಮೊಣಕೈ ಹಿಡಿದು ಇಳಿಸುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಇಳಿಸುತ್ತಾರೆ. ಅಲ್ಲಿ ಹುಟ್ಟಿದವರಿಗೆ ಅದು ಮೈಗೇ ಗೊತ್ತಿರುತ್ತದೆ. ನನಗೆ ಕೊನೆಗೂ ಅಭ್ಯಾಸವಾಗಲಿಲ್ಲ. ಹಟ ಹಿಡಿದು ಗಂಡನನ್ನು ಮೇಲ್ಪೇಟೆಗೆ ಎಳೆದುಕೊಂಡು ಬಂದೆ. ಪುರಸಭೆಯ ಪಕ್ಕದಲ್ಲೇ ಕಾಫಿ ತಿಂಡಿಯ ಕ್ಯಾಂಟೀನು ಹಾಕಿದೆವು. ಮೇಲ್ಪೇಟೆಗೆ ಮೀನು ಹತ್ತಿದ್ದನ್ನು ಕಂಡವರಿರಲಿಲ್ಲ.

ನನ್ನ ನಾದಿನಿ ದಾಕ್ಷಾಯಿಣಿ ಕೆಳಗೇರಿಯಲ್ಲೇ ಉಳಿದಳು. ಅಲ್ಲೇ ಹುಟ್ಟಿ, ಅಲ್ಲೇ ನಾಲ್ಕು ಮನೆ ಆಚೆಗೆ ಮದುವೆಯಾದವಳು. ಮಾತು ಕಡಿಮೆ, ಕೆಲಸ ಜಾಸ್ತಿ. ಅದಕ್ಕೇ ಏನೋ, ಆ ವಾರ್ಡಿನವರು ಅವಳನ್ನು ಪುರಸಭೆಗೆ ಆರಿಸಿ ಕಳಿಸಿದ್ದರು. ಅವಳಿಗೆ ಒಬ್ಬಳೇ ಮಗಳು, ವೇದಾ. ವೇದಾ ಬಾಣಂತನಕ್ಕೆ ತಾಯಿಯ ಮನೆಗೆ ಬಂದಳು. ದಿನ ತುಂಬುವ ಮೊದಲೇ ನೋವು ಬಂತು, ಮೀನೂ ಆಗಲೇ ಬಂತು. ಆಸ್ಪತ್ರೆಗೆ ಹೊರಡುವ ಹಾಗಿರಲಿಲ್ಲ. ಅವಳನ್ನು ನೋಡಿಕೊಂಡು ಬರಲು ಹೋಗಿದ್ದ ನಾನೂ ಪಕ್ಕದಲ್ಲಿದ್ದೆ. ಮಗು ಆಚೆ ಬಂತು, ಬಾಯಿ ಅಗಲ ಮಾಡಿತು, ಸದ್ದಿಲ್ಲ. ಅಳುತ್ತಿದೆಯೋ ಉಸಿರಿಗೆ ಒದ್ದಾಡುತ್ತಿದೆಯೋ ಯಾರಿಗೂ ತಿಳಿಯಲಿಲ್ಲ. ವೇದಾ ಅದನ್ನು ಎದೆಗೆ ಅವುಚಿಕೊಂಡು, ಅದರ ಬಾಯಿಯ ಹತ್ತಿರ ಕಿವಿ ಇಟ್ಟು, ನಮ್ಮ ಮುಖ ನೋಡಿ, ಮತ್ತೆ ಕಿವಿ ಇಟ್ಟು, ಮತ್ತೆ ನಮ್ಮ ಮುಖ ನೋಡಿದಳು. ಮೇಲೆ ಮೀನು ಹೋಗುತ್ತಲೇ ಇದ್ದವು. ಅವು ಮುಗಿಯುವವರೆಗೆ ಆ ಹುಡುಗಿ ಹಾಗೇ ಇದ್ದಳು. ಮಗು ಚೆನ್ನಾಗಿಯೇ ಇತ್ತು. ಅವಳು ಚೆನ್ನಾಗಿರಲಿಲ್ಲ.

ಮೂರು ತಿಂಗಳಾದ ಮೇಲೆ ತಾಯಿಗೆ ಹೇಳಿದಳು. "ಅವ್ವಾ, ನನ್ನ ಮಗ ಅತ್ರೆ ನಂಗೆ ಕೇಳ್ಬೇಕು. ಅಷ್ಟೇ ನಾನು ಕೇಳೋದು. ಬಾಗ್ಲು ಹಾಕ್ಕೊಂಡು ಇರೋ ಒಂದು ಮನೆ."

ದಾಕ್ಷಿ, "ಆಯ್ತು ಬಿಡು," ಅಂದಳು. ಅವಳು ಆಯ್ತು ಅಂದರೆ ಆಯ್ತು.

ಅಳಿಯ ಪರಮೇಶಿಗೆ ಅವರಪ್ಪನಿಂದ ಬಂದ ಜಾಗ ಇದ್ದದ್ದು ನೆರೆಬಯಲಿನಲ್ಲೇ. ಅಲ್ಲಿಗೊಂದು ಹಳೇ ಕಾನೂನು. ಕಂಬ ನೆಡಬಹುದು, ಮೇಲೆ ಚಾವಣಿ ಹೊದಿಸಬಹುದು, ದನ ಕಟ್ಟಬಹುದು. ಗೋಡೆ ಎಬ್ಬಿಸಕೂಡದು. ಆದರೆ ಪುರಸಭೆಯ ಅಧ್ಯಕ್ಷ ಕೆಂಪರಾಜಣ್ಣ ಈ ಕಾನೂನನ್ನು ತೆಗೆದುಹಾಕುತ್ತೇನೆ ಎಂದೇ ಗೆದ್ದುಬಂದಿದ್ದ. ಊರು ಬೆಳೆಯುತ್ತಿತ್ತು, ಜಾಗ ಇರಲಿಲ್ಲ. ನಮ್ಮ ಜನಕ್ಕೆ ಗೊತ್ತಲ್ಲ, ಮೊದಲು ಕಟ್ಟು, ಆಮೇಲೆ ಸಕ್ರಮ ಮಾಡಿಸಿಕೋ. ಪರಮೇಶಿ ಕಟ್ಟಿದ. ಅವನನ್ನು ನೋಡಿ ಅಕ್ಕಪಕ್ಕದವರೂ ಕಟ್ಟಿದರು. ಬೇಸಿಗೆ ಮುಗಿಯುವುದರೊಳಗೆ ನೆರೆಬಯಲಿನ ಅಂಚಿಗೆ ಒಂದು ಸಾಲು ಮನೆ ಎದ್ದು ನಿಂತಿತು. ವೇದಾಳ ಮನೆಗೆ ಒಂದೇ ಬಾಗಿಲು, ಹಿಂದೆ ಬಯಲಿನ ಕಡೆಗೆ ಬರೀ ಗೋಡೆ, ಗಿಲಾವಿನ ಮೇಲೆ ತಿಳಿಹಸಿರು ಬಣ್ಣ. ಹೊಸ ಮನೆಯ ಒಕ್ಕಲಿನ ದಿನ ಅವಳು ಬಾಗಿಲು ಹಾಕಿ, ಒಳಗೆ ಮಗುವನ್ನು ಚಿವುಟಿ ಅಳಿಸಿ, ಬಾಗಿಲು ತೆಗೆದು ಹೊರಗೆ ಬಂದು ನಕ್ಕಳು. ಹುಚ್ಚು ಹುಡುಗಿ.

ಆಮೇಲೆ ಜಿಲ್ಲೆಯಿಂದ ಆದೇಶ ಬಂತು. ಒಂದೋ ಪುರಸಭೆ ಕಾನೂನು ತಿದ್ದಬೇಕು, ಇಲ್ಲವೋ ನೆರೆಬಯಲಿನ ಗೋಡೆಗಳನ್ನೆಲ್ಲ ಕೆಡವಬೇಕು. ಸಭೆ ಕರೆದರು. ಮೀನು ಹತ್ತುವ ಕಾಲ ಹತ್ತಿರ ಬಂದಿದೆ, ಕಳೆಯಲಿ ಎಂದು ಕೆಳಗೇರಿಯವರು ಕೇಳಿಕೊಂಡರು. ಕೆಂಪರಾಜಣ್ಣ ಕೇಳಲಿಲ್ಲ. ಮೇಲ್ಪೇಟೆಯಲ್ಲಿ ಕೂತು ಮಾತಾಡುವುದಕ್ಕೆ ಮೀನಿನ ಅಪ್ಪಣೆ ಯಾಕೆ ಅಂದ.

ಮಧ್ಯಾಹ್ನದ ಸಭೆ. ಕಾಫಿ, ಖಾರಾಬಾತು ತೆಗೆದುಕೊಂಡು ಹೋದವಳು ನಾನು ಅಲ್ಲೇ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಏಳು ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ, ಅರ್ಧ ಜನದ ಕಾಫಿ ಬಾಕಿ ನನ್ನ ಹತ್ತಿರವೇ. ಮಳೆ ಬಿಟ್ಟು ಸೆಕೆ ಹತ್ತಿತ್ತು. ಮೇಲೆ ಫ್ಯಾನುಗಳೆಲ್ಲ ಗಿರಗಿರ ತಿರುಗುತ್ತಿದ್ದವು. ಸದಸ್ಯರಲ್ಲಿ ಈ ಕಡೆ ಎಷ್ಟು ಜನವೋ ಆ ಕಡೆಯೂ ಅಷ್ಟೇ. ಬಾಯಿ ಬಿಡದೆ ಕೂತಿದ್ದವಳು ದಾಕ್ಷಿ ಒಬ್ಬಳೇ. ಅವಳ ಕೈ ಎದ್ದರೆ ಮನೆಗಳು ಉಳಿದವು, ಏಳದಿದ್ದರೆ ಹೋದವು. ಬೆಳಿಗ್ಗೆ ನನ್ನ ಕ್ಯಾಂಟೀನಿನಲ್ಲಿ ನೀರು ಕುಡಿಯುತ್ತಾ, "ಎತ್ತೇ ಎತ್ತೀನಿ ಅತ್ತಿಗೆ. ಮಗಳಿಗೆ ಮಾತು ಕೊಟ್ಟಿದೀನಿ," ಅಂದಿದ್ದಳು.

"ನೋಡ್ರಪ್ಪಾ," ಎಂದು ಕೆಂಪರಾಜಣ್ಣ ಶುರುಮಾಡಿದ. "ಮನುಷ್ಯರಿಗೆ ಇರೋಕೆ ಜಾಗ ಇಲ್ಲ, ಮೀನಿಗೆ ಬಯಲು ಬಿಡ್ಬೇಕಂತೆ. ಮೀನೇನು ಕಂದಾಯ ಕಟ್ತದಾ? ವೋಟು ಹಾಕ್ತದಾ?"

"ಹಾಕೋ ಹಂಗಿದ್ದಿದ್ರೆ ನೀವೇ ಅವುಕ್ಕೆ ಮೂಲೆ ಸೈಟು ಕೊಟ್ಟಿರ್ತಿದ್ರಿ ಅಣ್ಣಾ," ಅಂದ ರಹೀಮ. ಅವನೂ ಕೆಳಗೇರಿಯವನೇ, ಬಸ್ ಸ್ಟ್ಯಾಂಡಿನ ಹತ್ತಿರ ಫ್ಯಾನಿನ ಅಂಗಡಿ. ಸಭೆ ನಕ್ಕಿತು. ರಹೀಮ ನಗಲಿಲ್ಲ. "ಹೊಸ ಮನೆ ಎದ್ರೆ ಫ್ಯಾನ್ ಮಾರೋನು ನಾನು. ಲಾಭ ನಂದೇ. ಆದ್ರೂ ಬೇಡ ಅಂತ ಹೇಳ್ತಾ ಇದೀನಿ. ದಾರಿಗೆ ಗೋಡೆ ಅಡ್ಡ ಇಟ್ರೆ ಅವು ಎಲ್ಲಿಗೆ ಹೋಗ್ಬೇಕು ಹೇಳಿ."

"ವಾಪಸ್ ಹೋಗ್ಲಿ."

"ಹೊಟ್ಟೇಲಿ ಮೊಟ್ಟೆ ಇಟ್ಕೊಂಡು ವಾಪಸ್ ಹೋಗ್ತಾವಾ? ನಿಮ್ಮ ಮನೆ ಹೆಣ್ಮಕ್ಕಳನ್ನ ಕೇಳಿ."

"ಮನೆ ಹೆಣ್ಮಕ್ಕಳ ಮಾತು ಇಲ್ಲಿ ಬೇಡ," ಎಂದು ಕೆಂಪರಾಜಣ್ಣ ದಾಕ್ಷಿಯ ಕಡೆ ತಿರುಗಿದ. "ಇಲ್ಲೇ ಒಬ್ರು ಅವ್ರಲ್ಲ, ಅವರನ್ನೇ ಕೇಳಾನ. ಏನಮ್ಮಾ ದಾಕ್ಷಾಯಿಣಮ್ಮ, ಬಯಲಲ್ಲಿ ಮೊದಲ್ನೇ ಮನೆ ನಿಮ್ಮ ಮಗಳದೇ ಅಲ್ವಾ? ಮೊಮ್ಮಗನ್ನ ಬೀದಿಗೆ ಹಾಕ್ತೀರಾ?"

ದಾಕ್ಷಿ ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಫ್ಯಾನ್ ಆರ್‍ಸಿ," ಅಂದಳು.

"ಏನಂದ್ರಿ?"

"ಫ್ಯಾನ್ ಆರ್‍ಸಿ ಅಣ್ಣಾ. ಮೇಲಕ್ಕೆ ಬತ್ತಾ ಅವೆ."

ಕೆಂಪರಾಜಣ್ಣ ಏನೋ ಹೇಳಲು ಬಾಯಿ ತೆರೆದ. ಅದು ತೆರೆದೇ ಉಳಿಯಿತು. ಸದ್ದು ಹೋಗಿತ್ತು.

ಎಷ್ಟೋ ವರ್ಷಗಳ ಹಿಂದೆ ಬಿಟ್ಟುಬಂದದ್ದು ಮೆಟ್ಟಿಲು ಹತ್ತಿ ನನ್ನ ಹಿಂದೆ ಬಂದಿತ್ತು. ನನ್ನ ಸೆರಗು ಭುಜದಿಂದ ಎದ್ದು ತೇಲಿತು. ಮೇಜಿನ ಮೇಲಿನ ಕಾಗದಗಳು ಎದ್ದು, ಬೀಳುವುದನ್ನು ಮರೆತು ಅಲ್ಲಲ್ಲೇ ನಿಂತವು. ಬಾಗಿಲಿಂದ ಮೊದಲ ಬಿಳಿಗೆಂಡೆ ಒಳಗೆ ಬಂತು. ಕೆಳಗೇರಿಯಲ್ಲಿ ನಾನು ಕಂಡ ಮೀನುಗಳ ನಡೆ ಅದಕ್ಕಿರಲಿಲ್ಲ. ಮೂತಿ ಜಜ್ಜಿಹೋಗಿತ್ತು. ಹಿಂದೆ ಬಂದವುಗಳದ್ದೂ ಹಾಗೇ. ಕೆಲವಕ್ಕೆ ಹಣೆಯ ಮೇಲೆ ತಿಳಿಹಸಿರು ಬಣ್ಣ ಮೆತ್ತಿಕೊಂಡಿತ್ತು. ನೆರೆಬಯಲಿಗೆ ಹೋಗಿ, ಗೋಡೆಗೆ ಗುದ್ದಿ, ಮತ್ತೆ ಗುದ್ದಿ, ದಾರಿ ಕಾಣದೆ ಊರೆಲ್ಲ ಹುಡುಕಿಕೊಂಡು ಬಂದಿದ್ದವು. ಫ್ಯಾನಿನ ಗಾಳಿ ಅವನ್ನು ಹಿಡಿಯಿತು. ಅವು ಸಭೆಯ ತಲೆಯ ಮೇಲೆ ಸುತ್ತತೊಡಗಿದವು, ಒಂದರ ಬಾಲಕ್ಕೆ ಇನ್ನೊಂದರ ಬಾಯಿ ತಾಕುವಷ್ಟು ಒತ್ತಾಗಿ, ಗಾಣಕ್ಕೆ ಕಟ್ಟಿದ ಹಾಗೆ. ನಾನು ತಗ್ಗಿಕೊಂಡೇ ಹೋಗಿ ಸ್ವಿಚ್ಚುಗಳನ್ನೆಲ್ಲ ಆರಿಸಿದೆ. ಗಾಳಿ ನಿಂತಿತು. ಮೀನುಗಳು ನಿಧಾನವಾಗಿ ಇಳಿದು, ಕೂತವರ ಹಣೆಯ ಮಟ್ಟಕ್ಕೆ ಬಂದು, ಅಲ್ಲೇ ಉಸಿರಾಡುತ್ತಾ ನಿಂತವು.

ಕೆಂಪರಾಜಣ್ಣನ ಬಗ್ಗೆ ಏನೇ ಅನ್ನಿ, ಅವನು ಹೆದರುವ ಆಸಾಮಿಯಲ್ಲ. ಬೆವರು ಸುರಿಯುತ್ತಿತ್ತು, ಆದರೂ ಮುಖ್ಯಾಧಿಕಾರಿಯ ಕಡೆ ತಿರುಗಿ ಎಣಿಸು ಎಂದು ಸನ್ನೆ ಮಾಡಿದ. ತಿದ್ದುಪಡಿಯ ಪರ ಇರುವವರು ಕೈ ಎತ್ತಬೇಕು. ತಾನೇ ಮೊದಲು ಎತ್ತಿದ. ಅವನ ಬೆರಳು ಒಂದು ಮೀನಿನ ಹೊಟ್ಟೆಗೆ ತಾಕಿತು. ಅದು ನಿಂತುಹೋದದ್ದು ನನಗೆ ಕಂಡಿತು, ಗಡಿಯಾರ ನಿಂತ ಹಾಗೆ. ಮೇಲ್ಪೇಟೆಯ ಸದಸ್ಯರು ಒಬ್ಬೊಬ್ಬರಾಗಿ ಎತ್ತಿದರು. ಒಂದೊಂದು ಕೈಗೂ ಒಂದೊಂದು ಮೀನು ನಿಂತಿತು.

ನಾನು ದಾಕ್ಷಿಯನ್ನು ನೋಡಿದೆ. ಅವಳ ಬಲಗೈ ಮೇಜಿನಿಂದ ಎದ್ದಿತು. ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ ಬಂತು. ಅಲ್ಲಿ ನಿಂತಿತು. ಅವಳ ತುಟಿ ಬಿಳಿಚಿಕೊಂಡಿತ್ತು, ಕತ್ತಿನ ನರ ಉಬ್ಬಿತ್ತು. ತುಂಬಿದ ಹಂಡೆ ಎತ್ತುವವಳ ಹಾಗೆ ಒದ್ದಾಡಿದಳು. ಕೈ ಭುಜ ದಾಟಲಿಲ್ಲ. ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲಕ್ಕೆ ನೂಕಲು ಹೋದಳು. ಆ ಎಡಗೈ ಏನು ಮಾಡಿತು ಅಂದರೆ, ಮೊಣಕೈ ಹಿಡಿದು ಬಲಗೈಯನ್ನು ಇಳಿಸಿತು. ಮಗುವಿನ ಕೈ ಇಳಿಸುವ ಹಾಗೆ, ಮೆತ್ತಗೆ. ಮುಖ್ಯಾಧಿಕಾರಿ ಎಣಿಸಿ ಬರೆದುಕೊಂಡ. ತಿದ್ದುಪಡಿ ಬಿತ್ತು.

ದಾಕ್ಷಿ ಎದ್ದು ತಗ್ಗಿಕೊಂಡು ಹೊರಗೆ ನಡೆದಳು. ಮೀನುಗಳು ತಿರುಗಿ ಅವಳ ಹಿಂದೆ ಹೊರಟವು. ಕೈ ತಾಕಿದವು ಮಾತ್ರ ಸಭೆಯಲ್ಲೇ ಉಳಿದವು. ಅವು ಇವತ್ತಿಗೂ ಅಲ್ಲೇ ಇವೆ. ಸದಸ್ಯರು ಅವುಗಳ ಸುತ್ತ ಬಳಸಿಕೊಂಡು ಹೋಗಿ ಕೂರುತ್ತಾರೆ, ಕೆಂಪರಾಜಣ್ಣನ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಹಾಕಿದ್ದಾರೆ. ನಾನೂ ದಾಕ್ಷಿಯ ಬೆನ್ನು ಹಿಡಿದು ಹೋದೆ. ಪೇಟೆಯ ಬೀದಿ, ಬಸ್ ಸ್ಟ್ಯಾಂಡು, ಹೂವಿನ ಅಂಗಡಿ, ಎಲ್ಲೂ ಸದ್ದಿಲ್ಲ. ಬಸ್ಸಿನ ಕಿಟಕಿಯಲ್ಲಿ ಜನರ ಬಾಯಿಗಳು ತೆರೆದಿದ್ದವು. ಮುಂದೆ ಬಗ್ಗಿ ನಡೆಯುವ ಒಬ್ಬ ಹೆಂಗಸು, ಅವಳ ಬೆನ್ನಿಗೆ ಬೀದಿಯಗಲ ಬಿಳಿ ಮೀನು.

ವೇದಾ ಬಾಗಿಲಲ್ಲಿ ನಿಂತಿದ್ದಳು, ಮಗು ಸೊಂಟದ ಮೇಲೆ. ತಾಯಿಯನ್ನು ನೋಡಿ, ಎತ್ತಿದೆಯಾ ಎಂದು ಹುಬ್ಬಿನಲ್ಲೇ ಕೇಳಿದಳು. ದಾಕ್ಷಿ ತಲೆ ಅಲ್ಲಾಡಿಸಿದಳು. ಮಗಳು ತಾಯಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು, ಅಂಗಡಿಯಲ್ಲಿ ಯಾವುದೋ ಗುರುತಿಲ್ಲದ ಸಾಮಾನು ನೋಡುವ ಹಾಗೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದಾಕ್ಷಿ ಬಾಗಿಲು ಬಡಿದಳು. ಬಡಿದದ್ದು ಅವಳಿಗೇ ಕೇಳಿಸಲಿಲ್ಲ, ಇನ್ನು ಒಳಗಿನವಳಿಗೆ ಏನು ಕೇಳಿಸೀತು. ಮೀನುಗಳು ಅವಳ ಎರಡೂ ಪಕ್ಕದಿಂದ ಬಂದು ಗೋಡೆಗೆ ಮೂತಿ ಇಟ್ಟವು. ಗುದ್ದಲಿಲ್ಲ, ಆ ಶಕ್ತಿ ಮುಗಿದಿತ್ತು. ಬರೀ ಒತ್ತಿ ನಿಂತವು. ಎದೆಮಟ್ಟದಲ್ಲಿ ಗೋಡೆ ನೆನೆಯತೊಡಗಿತು. ತಿಳಿಹಸಿರು ಕಡುಹಸಿರಾಯಿತು, ಆ ಒದ್ದೆ ನಿಧಾನವಾಗಿ ಮನೆಯ ಸುತ್ತ ಹರಡಿತು. ನಾನು ಕಿಟಕಿಗೆ ಮುಖ ಹಚ್ಚಿ ಒಳಗೆ ನೋಡಿದೆ. ಮಗು ನೆಲದ ಮೇಲೆ ಕೂತು ಬಾಯಿ ಅಗಲ ಮಾಡಿ ಅಳುತ್ತಿತ್ತು. ವೇದಾ ಅದರ ಮುಂದೆ ಮಂಡಿಯೂರಿದ್ದಳು, ಕಿವಿ ಅದರ ಬಾಯಿಯ ಹತ್ತಿರ. ಬಾಗಿಲು ಹಾಕಿತ್ತು, ಗೋಡೆ ಗಟ್ಟಿ ಇತ್ತು, ಮಗು ಅತ್ತದ್ದು ಮಾತ್ರ ಅವಳಿಗೆ ಕೇಳಿಸಲಿಲ್ಲ. ಮೀನು ಹೊರಗೆ ನಿಂತಿರುವಷ್ಟು ಹೊತ್ತೂ ಕೇಳಿಸುವಂತಿರಲಿಲ್ಲ.

ಅವಳು ಎದ್ದು ಮೂಲೆಯಲ್ಲಿದ್ದ ಹಾರೆ ತಗೊಂಡಳು. ಗೋಡೆಗೆ ಹೊಡೆದಳು. ಎತ್ತಿ ಹೊಡೆಯಲಿಲ್ಲ, ಸೊಂಟದ ಮಟ್ಟದಿಂದ ಚುಚ್ಚಿ ಚುಚ್ಚಿ ಹೊಡೆದಳು. ಅವಳ ಕೈಯೂ ಭುಜ ದಾಟಲಿಲ್ಲ. ಇಟ್ಟಿಗೆಗಳು ಸದ್ದಿಲ್ಲದೆ ಉದುರಿದವು. ಕೆಲಸದಿಂದ ಓಡಿ ಬಂದ ಪರಮೇಶಿ ಹೊರಗಿನಿಂದ ಗುದ್ದಲಿ ಹಾಕಿದ. ಬಾಗಿಲ ಪಕ್ಕದ ಗೋಡೆ ಬಾಯಿ ಬಿಟ್ಟಿತು, ಆಮೇಲೆ ಅದರ ಎದುರಿನದು. ಬಿಳಿಗೆಂಡೆಗಳು ಒಂದೊಂದಾಗಿ ಒಳಗೆ ಹೊಕ್ಕು, ತೊಟ್ಟಿಲ ಮೇಲೆ, ಒಲೆಯ ಮೇಲೆ ಹಾದು, ಆಚೆಯ ಹುಲ್ಲಿಗೆ ಇಳಿದವು. ಕೊನೆಯದು ದಾಟಿದಾಗ ಮಗುವಿನ ಅಳು ಒಮ್ಮೆಗೇ ಕೇಳಿಸಿತು. ವೇದಾ ಹಾರೆ ಕೆಳಗಿಟ್ಟು ಅಲ್ಲೇ ಕುಸಿದು ಕೂತಳು.

ಉಳಿದ ಗೋಡೆಗಳನ್ನು ಪುರಸಭೆಯವರು ಬಂದು ಕೆಡವಿದರು. ಬೇರೆಯವರೆಲ್ಲ ಜಾಗ ಬಿಟ್ಟು ಹೋದರು. ವೇದಾ ಹೋಗಲಿಲ್ಲ, ತಾಯಿಯ ಮನೆಗೂ ಬರಲಿಲ್ಲ. ಪರಮೇಶಿ ನಾಲ್ಕು ಮೂಲೆಗೆ ಕಂಬ ನಿಲ್ಲಿಸಿ ಶೀಟು ಹೊದಿಸಿದ. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಗೋಡೆಯಿಲ್ಲದ ಮನೆಯಲ್ಲಿ ಅವರು ಸಂಸಾರ ಮಾಡುತ್ತಿದ್ದಾರೆ. ಅವಳು ಪಾತ್ರೆ ತೊಳೆಯುವುದು, ಮಗನಿಗೆ ಉಣ್ಣಿಸುವುದು ಎಲ್ಲವೂ ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಅವಳು ಮಾತ್ರ ಹೊರಗೆ ಯಾರನ್ನೂ ನೋಡುವುದಿಲ್ಲ.

ದಾಕ್ಷಿ ಪುರಸಭೆಗೆ ರಾಜೀನಾಮೆ ಕೊಟ್ಟಳು. ದಿನಾ ಸಂಜೆ ಅಲ್ಲಿಗೆ ಹೋಗುತ್ತಾಳೆ ಎಂದು ಗೊತ್ತಾದ ಮೇಲೆ ಒಂದು ದಿನ ನಾನೂ ಜೊತೆಗೆ ಹೋದೆ. "ಎತ್ಬೇಕು ಅಂತಾನೇ ಕೂತಿದ್ದೆ ಅತ್ತಿಗೆ. ನಿಮ್ಗೆ ಗೊತ್ತಲ್ಲ," ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದಳು. ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿದೆ, ಅವಳ ಕೈಯೂ ಅದೇ ಕೈ. ಆದರೆ ಗೊತ್ತಿರುವುದರಿಂದ ಏನಾಗುತ್ತದೆ.

ಮನೆಯ ಮುಂದೆ ದಾಕ್ಷಿ ನಿಂತಳು. ಎರಡು ಹೆಜ್ಜೆ ಆಚೆಗೆ ವೇದಾ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು, "ನಡಿಯೇ ಒಳಕ್ಕೆ, ಗೋಡೆ ಎಲ್ಲಿದೆ ಇಲ್ಲಿ," ಎಂದು ಗದರಿ ನೇರವಾಗಿ ಒಳಗೆ ಹೋದೆ. ನನಗೆ ಏನೂ ತಾಕಲಿಲ್ಲ. ವೇದಾ ತಲೆ ಎತ್ತಿ, "ಬಾ ಅತ್ತೆ, ಕಾಫಿ ಇಡ್ತೀನಿ," ಅಂದಳು. ತಿರುಗಿ ನೋಡಿದೆ. ದಾಕ್ಷಿ ಮೊದಲು ಗೋಡೆಯಿದ್ದ ಜಾಗದಲ್ಲಿ ಅಂಗೈ ಊರಿ ನಿಂತಿದ್ದಳು. ಗಾಳಿಗೆ ಒತ್ತಿದ ಅಂಗೈ ಚಪ್ಪಟೆಯಾಗಿತ್ತು, ಬೆರಳ ತುದಿಗಳು ಬೆಳ್ಳಗಾಗಿದ್ದವು. ಹಾಗೇ ಸವರಿಕೊಂಡು ಬದಿಗೆ ನಡೆದಳು, ಮೂಲೆ ತಿರುಗಿದಳು, ಮನೆಯನ್ನು ಒಂದು ಸುತ್ತು ಬಂದಳು. ಬಾಗಿಲು ಇದ್ದ ಕಡೆ ನಿಂತು ಬೆರಳ ಗೆಣ್ಣಿನಿಂದ ಬಡಿದಳು, ಕಾದಳು, ಮತ್ತೆ ಬಡಿದಳು. ವೇದಾ ಅಕ್ಕಿಯಿಂದ ಕಲ್ಲು ಆರಿಸಿ ಹೊರಗೆ ಎಸೆದಳು. ಕಲ್ಲು ತಾಯಿಯ ಕಾಲ ಹತ್ತಿರ ಬಿತ್ತು.

ನಾನು ಹೊರಗೆ ಬಂದು ದಾಕ್ಷಿಯ ರಟ್ಟೆ ಹಿಡಿದು ಒಳಗೆ ಎಳೆದೆ. ಜೋರಾಗಿಯೇ ಎಳೆದೆ. ಬರಲಿಲ್ಲ.

"ಬಿಡಿ ಅತ್ತಿಗೆ," ಅಂದಳು. "ಒಳಗಿಂದ ಚಿಲಕ ಹಾಕ್ಕೊಂಡವ್ಳೆ."